ಸಾಕೆಟ್ ಬದಲಿಸಿದರೆ ಸಾಕೆ?



ಚಳಿಗಾಲ ಬಂತೆಂದರೆ ಬೆಂಗಳೂರಿನಲ್ಲಿ ಬೆಳಗಿನ ಸ್ನಾನಕ್ಕೆ ಬಿಸಿನೀರು ಬೇಕೇ ಬೇಕು. ಜಾಲಹಳ್ಳಿಗೆ ಸಮೀಪದ ಶೆಟ್ಟಿಹಳ್ಳಿಯಂತೆ ಹಳ್ಳಿಯಾಗಿದ್ದು ನಗರಕ್ಕೆ ಸೇರಿಹೋದ ಊರುಗಳಲ್ಲಿ, ಹಿಂದೆ ಬಚ್ಚಲುಮನೆಯ ಹಂಡೆ ಒಲೆ ಮಾಡುತ್ತಿದ್ದ ಕೆಲಸವನ್ನು ಈಗ ಗೀಸರ್ ಮಾಡುತ್ತಿದೆ.

ಅಂಥ ಒಂದು ಹಳೆಯ ಮನೆಯನ್ನು ಊಹಿಸಿಕೊಳ್ಳಿ. ಹೊಸ ಗೀಸರ್ ಬಂದಿದೆ. ಅದರ ದಪ್ಪ ಪಿನ್ನುಗಳ ಪ್ಲಗ್ ಗೋಡೆಯಲ್ಲಿರುವ ಸಣ್ಣ ಸಾಕೆಟ್‌ಗೆ ಹೋಗುತ್ತಿಲ್ಲ. 'ಸಣ್ಣದನ್ನು ತೆಗೆದು ದೊಡ್ಡ ಸಾಕೆಟ್ ಹಾಕಿದರಾಯಿತು' ಎನ್ನುತ್ತಾರೆ ಮನೆಯವರು. ಇದು ಸರಿಯೇ? ಸ್ವಲ್ಪ ಲೆಕ್ಕ ಮಾಡಿ ನೋಡೋಣ.

ನಮ್ಮ ಮನೆಗಳಲ್ಲಿ ಎರಡು ಬಗೆಯ ಸಾಕೆಟ್‌ಗಳಿವೆ. ಸಣ್ಣದು 6 ಆಂಪಿಯರ್‌ನದು, ದೊಡ್ಡದು 16 ಆಂಪಿಯರ್‌ನದು. ಹಳೆಯವುಗಳ ಮೇಲೆ 5 ಮತ್ತು 15 ಎಂದಿರುತ್ತದೆ. ಮನೆಗೆ ಬರುವ ವಿದ್ಯುತ್ತು 230 ವೋಲ್ಟ್. ಉಪಕರಣದ ವ್ಯಾಟ್‌ಗಳನ್ನು 230ರಿಂದ ಭಾಗಿಸಿದರೆ ಅದು ಎಳೆದುಕೊಳ್ಳುವ ಆಂಪಿಯರ್ ಸಿಗುತ್ತದೆ. 2,000 ವ್ಯಾಟ್‌ನ ಗೀಸರ್ ಸುಮಾರು 8.7 ಆಂಪಿಯರ್ ಎಳೆಯುತ್ತದೆ. 3,000 ವ್ಯಾಟ್‌ನದು ಸುಮಾರು 13. ಎರಡೂ ಆರನ್ನು ಮೀರಿದವು. ದೊಡ್ಡ ಪ್ಲಗ್ ಸಣ್ಣ ಸಾಕೆಟ್‌ಗೆ ಹೋಗದಿರುವುದು ತೊಂದರೆಯಲ್ಲ, ನಮಗೆ ಕೊಟ್ಟ ಎಚ್ಚರಿಕೆ.

ಈಗ ಗೋಡೆಯೊಳಕ್ಕೆ ಹೋಗೋಣ. ತಂತಿಯಲ್ಲಿ ಹುಟ್ಟುವ ಶಾಖವು ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂದು ಜೇಮ್ಸ್ ಜೂಲ್ 1841ರಲ್ಲಿ ಪ್ರಕಟಿಸಿದ. ಎಂದರೆ ಪ್ರವಾಹ ಎರಡರಷ್ಟಾದರೆ ಶಾಖ ನಾಲ್ಕರಷ್ಟು! ದೀಪ, ಫ್ಯಾನುಗಳಿಗೆಂದು ಎಳೆದ 1 ಚದರ ಮಿಲಿಮೀಟರ್ ತಾಮ್ರದ ತಂತಿ ಹೋಗಿಬರುವ ದೂರ 20 ಮೀಟರ್ ಎಂದುಕೊಳ್ಳಿ. ಅದರ ರೋಧ ಸುಮಾರು 0.36 ಓಮ್. 13 ಆಂಪಿಯರ್ ಹರಿದಾಗ ಆ ತಂತಿಯಲ್ಲೇ ಸುಮಾರು 60 ವ್ಯಾಟ್ ಶಾಖ ಹುಟ್ಟುತ್ತದೆ. ಅದೇ ಸಾಲಿನಲ್ಲಿ ಬೇರೆ ಉಪಕರಣಗಳಿದ್ದರೆ ಇನ್ನೂ ಹೆಚ್ಚು. ದಿನದಿನವೂ ಕಾದ ತಂತಿಯ ಹೊದಿಕೆ ಗಡುಸಾಗಿ ಬಿರುಕು ಬಿಡುತ್ತದೆ. ಮುಂದೆ ಬೆಂಕಿಗೂ ಕಾರಣವಾಗಬಹುದು. ಹೊಸ ಸಾಕೆಟ್ ಮಾತ್ರ ಹೊರಗೆ ಅಂದವಾಗಿಯೇ ಕಾಣುತ್ತಿರುತ್ತದೆ!

4 ಚದರ ಮಿಲಿಮೀಟರ್ ತಂತಿಯಾದರೋ, ರೋಧ ನಾಲ್ಕನೇ ಒಂದು ಭಾಗವಾಗುತ್ತದೆ. ಅದೇ ಪ್ರವಾಹಕ್ಕೆ ಶಾಖ ಸುಮಾರು 15 ವ್ಯಾಟ್‌ಗೆ ಇಳಿಯುತ್ತದೆ. ಆದ್ದರಿಂದಲೇ ಗೀಸರ್‌ಗೆ ವಿತರಣಾ ಫಲಕದಿಂದ ಪ್ರತ್ಯೇಕ ಸಾಲು, ದಪ್ಪ ತಂತಿ, ಆ ತಂತಿಗೆ ತಕ್ಕ ಎಂ.ಸಿ.ಬಿ., ಸರಿಯಾದ ಅರ್ಥಿಂಗ್ ಎಲ್ಲವೂ ಬೇಕು. ಸಾಕೆಟ್ ಈ ಸರಪಳಿಯ ಕೊನೆಯ ಕೊಂಡಿ ಮಾತ್ರ.

ಎಂ.ಸಿ.ಬಿ. ಮುಖ್ಯವಾಗಿ ಕಾಯುವುದು ತಂತಿಯನ್ನು. ಅದು ಮತ್ತೆ ಮತ್ತೆ ಬಿದ್ದರೆ ಕಾರಣ ಹುಡುಕಬೇಕೇ ಹೊರತು ಹೆಚ್ಚು ಆಂಪಿಯರ್‌ನದನ್ನು ಹಾಕಬಾರದು. ಫ್ಯೂಸಿಗೆ ದಪ್ಪ ತಂತಿ ಕಟ್ಟುವುದೂ ಇದೇ ತಪ್ಪು. ಪ್ಲಗ್ಗಿನ ಮೂರನೆಯ ಪಿನ್ ಉದ್ದವಾಗಿರುವುದನ್ನು ನೀವು ಗಮನಿಸಿರಬಹುದು. ಅರ್ಥ್ ಸಂಪರ್ಕ ಎಲ್ಲಕ್ಕಿಂತ ಮೊದಲು ಕೂಡಿ, ಕೊನೆಗೆ ಬಿಡಲಿ ಎಂಬುದೇ ಅದರ ಉದ್ದೇಶ. ಒದ್ದೆ ಮೈಯಲ್ಲಿ ನಿಲ್ಲುವ ಬಚ್ಚಲುಮನೆಯಲ್ಲಿ ಇದು ಜೀವದ ಪ್ರಶ್ನೆ.

ಸ್ಟುಡಿಯೋದಲ್ಲಿ ಸಾವಿರ, ಎರಡು ಸಾವಿರ ವ್ಯಾಟ್‌ಗಳ ದೀಪ ಹಚ್ಚುವ ಮೊದಲು ನಾವು ಕೇಳುವ ಪ್ರಶ್ನೆ ಒಂದೇ: ಈ ಸಾಲು ಎಷ್ಟು ಆಂಪಿಯರ್ ಹೊರಬಲ್ಲದು? ಅದನ್ನೇ ನೀವು ನಿಮ್ಮ ಮನೆಯಲ್ಲಿ ಕೇಳಿ. ಗೀಸರ್ ಮೇಲಿನ ವ್ಯಾಟ್ ಓದಿ, 230ರಿಂದ ಭಾಗಿಸಿ, ಸಾಕೆಟ್ ಮೇಲಿನ ಅಂಕಿಯೊಡನೆ ಹೋಲಿಸಿ. ಪ್ಲಗ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಸುಟ್ಟ ವಾಸನೆ ಬಂದರೆ ಕೂಡಲೇ ಹಿರಿಯರಿಗೆ ತಿಳಿಸಿ. ಬಿಚ್ಚಿ ಜೋಡಿಸುವ ಕೆಲಸವನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರಿಗೆ ಬಿಡಿ. ಆದರೆ ಸಾಕೆಟ್ ಬದಲಿಸುವ ಮುನ್ನ ಗೋಡೆಯೊಳಗಿನ ತಂತಿ ಎಷ್ಟು ದಪ್ಪ ಎಂದು ಅವರನ್ನು ಕೇಳಲು ಮರೆಯಬೇಡಿ.