ಆಕಾಶಕ್ಕೆ ಕೈ ಹಾಕುವ ಮುನ್ನ

(ಪುತ್ತೂರಿನ ಪರಿಸರ ಜಾಗೃತಿ ಸಭೆಯೊಂದರಲ್ಲಿ ಮಾಡಿದ ಭಾಷಣ)



ಭೂಮಿಯ ಉಷ್ಣತೆ ಏರುತ್ತಿದೆ. ಕಲ್ಲಿದ್ದಲು, ಪೆಟ್ರೋಲುಗಳ ಹೊಗೆಯೇ ಅದಕ್ಕೆ ಮುಖ್ಯ ಕಾರಣವೆಂಬುದು ಸಿದ್ಧಪಟ್ಟ ಸಂಗತಿ. ಆ ಹೊಗೆ ತಗ್ಗುವವರೆಗೆ ಸೂರ್ಯನ ಬಿಸಿಲನ್ನೇ ಸ್ವಲ್ಪ ತಡೆಯಲು ಸಾಧ್ಯವೇ ಎಂಬ ಸಂಶೋಧನೆ ಕೆಲವು ಶ್ರೀಮಂತ ರಾಷ್ಟ್ರಗಳಲ್ಲಿ ನಡೆಯುತ್ತಿದೆ. ವಾಯುಮಂಡಲದ ಮೇಲ್ಪದರದಲ್ಲಿ ಸೂಕ್ಷ್ಮ ಕಣಗಳನ್ನು ಹರಡಿ ಬಿಸಿಲಿನ ಒಂದಂಶವನ್ನು ಹಿಂದಕ್ಕೆ ಕಳುಹಿಸುವುದು ಇದರ ಒಂದು ವಿಧಾನ. ನಮ್ಮ ರಾಜ್ಯದಲ್ಲಿ 2017ರಲ್ಲಿ ಕೈಗೊಂಡ ಮೋಡಬಿತ್ತನೆಗೂ ಇದಕ್ಕೂ ಬಹಳ ವ್ಯತ್ಯಾಸವಿದೆ. ಅದು ಒಂದು ಪ್ರದೇಶದ ಮೋಡಗಳಿಗೆ ಸಂಬಂಧಿಸಿದ್ದು. ಇದು ಇಡೀ ಭೂಮಂಡಲದ ಬಿಸಿಲಿಗೆ ಸಂಬಂಧಿಸಿದ್ದು.

ಪುತ್ತೂರು, ಸುಳ್ಯ, ಕಡಬದ ಜನರಿಗೆ ಇದರ ಗೊಡವೆ ಏಕೆ ಎಂದು ಕೇಳುವವರಿರಬಹುದು. ಆಕಾಶದಿಂದ ಸುರಿದದ್ದನ್ನು ಮೈಮೇಲೆ ಹೊತ್ತುಕೊಂಡ ಜನರು ನಾವು. ಆದುದರಿಂದ ಈ ಪ್ರಶ್ನೆ ಕೇಳುವ ಅರ್ಹತೆ ಇತರರಿಗಿಂತ ನಮಗೆ ಹೆಚ್ಚು.

1980ರಿಂದ 2000ದವರೆಗಿನ ಎರಡು ದಶಕಗಳಲ್ಲಿ ಈ ಭಾಗದ ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್ ಮೂಲಕ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗೇರಿನ ಚಿಗುರು ಮತ್ತು ಹೂವಿನ ರಸ ಹೀರುವ ಕೀಟವನ್ನು ಕೊಲ್ಲುವುದು ಅದರ ಉದ್ದೇಶವಾಗಿತ್ತು. ಆದರೆ ತೋಟದ ಕೆಳಗೆ ಬಾವಿಗಳಿದ್ದವು, ತೋಡುಗಳಿದ್ದವು, ಮನೆಗಳಿದ್ದವು. ಗಡಿಯಾಚೆಯ ಕಾಸರಗೋಡಿನಲ್ಲಿಯೂ ಇದೇ ನಡೆಯಿತು. ಅಲ್ಲಿನ ಪಡ್ರೆ ಗ್ರಾಮದ ಪತ್ರಕರ್ತ ಶ್ರೀಪಡ್ರೆಯವರು ಎಂಬತ್ತರ ದಶಕದ ಆರಂಭದಲ್ಲೇ ಎಚ್ಚರಿಕೆಯ ಮಾತು ಬರೆದಿದ್ದರು. ಕೇಳುವವರಿರಲಿಲ್ಲ. ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಈ ವಿಷ ಸೇರಿದ್ದು ಮತ್ತು ನಮ್ಮ ಸರ್ವೋಚ್ಚ ನ್ಯಾಯಾಲಯ ಅದನ್ನು ತಡೆದದ್ದು 2011ರಲ್ಲಿ. ಅಷ್ಟರಲ್ಲಿ ಕೊಕ್ಕಡ, ಕೊಯಿಲದಂತಹ ಊರುಗಳಲ್ಲಿ ಒಂದು ತಲೆಮಾರೇ ಹಾಸಿಗೆ ಹಿಡಿದ ಮಕ್ಕಳನ್ನು ಸಾಕುತ್ತಿತ್ತು.

ಇಲ್ಲಿ ನಾವು ಕಲಿಯಬೇಕಾದ ಪಾಠವೇನು? ಜನರ ಆರೋಗ್ಯ ಮತ್ತು ನೀರಿನ ಪರೀಕ್ಷೆ ವ್ಯಾಪಕವಾಗಿ ನಡೆದದ್ದು ಅನಾಹುತವಾದ ಮೇಲೆ. ಆದ್ದರಿಂದ ರೋಗಕ್ಕೆ ಕಾರಣ ಯಾವುದೆಂಬ ವಾದ ವರ್ಷಗಟ್ಟಲೆ ಎಳೆಯಿತು. ತಜ್ಞರ ವರದಿಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಸಾಬೀತುಪಡಿಸುವ ಹೊರೆ ಸಿಂಪಡಿಸಿದವರ ಮೇಲಲ್ಲ, ಮಗುವನ್ನು ಎತ್ತಿಕೊಂಡು ಕಚೇರಿಗೆ ಅಲೆದ ತಾಯಿಯ ಮೇಲೆ ಬಿತ್ತು.

ಈಗ ಬಿಸಿಲು ತಡೆಯುವ ಪ್ರಯೋಗಗಳತ್ತ ನೋಡೋಣ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ತಂಡವೊಂದು ಬಲೂನಿನಿಂದ ಎರಡು ಕಿಲೋಗ್ರಾಮಿಗೂ ಮೀರದಷ್ಟು ಸುಣ್ಣದ ಪುಡಿಯನ್ನು ಹರಡುವ ಯೋಜನೆ ರೂಪಿಸಿತ್ತು. 2021ರಲ್ಲಿ ಸ್ವೀಡನ್ನಿನಲ್ಲಿ ಬಲೂನನ್ನು ಪುಡಿಯಿಲ್ಲದೆ ಪರೀಕ್ಷಿಸುವ ಏರ್ಪಾಡಾದಾಗಲೇ ಅಲ್ಲಿನ ಮೂಲನಿವಾಸಿ ಸಾಮಿ ಜನರು, ನಮ್ಮನ್ನು ಕೇಳಿಲ್ಲವೆಂದು ವಿರೋಧಿಸಿದರು. ಪರೀಕ್ಷೆ ನಿಂತಿತು. 2024ರಲ್ಲಿ ಯೋಜನೆಯನ್ನೇ ಕೈಬಿಡಲಾಯಿತು.

ಎರಡು ಕಿಲೋ ಸುಣ್ಣದಿಂದ ಯಾರಿಗೂ ಹಾನಿಯಾಗದು ಎಂಬ ವಿಜ್ಞಾನಿಗಳ ಮಾತು ಸುಳ್ಳಲ್ಲ. ಆದರೆ ಪರಿಣಾಮವನ್ನು ಅಳೆಯುವುದೆಂದರೆ ಆ ಪುಡಿಯನ್ನು ಮಾತ್ರ ತೂಗುವುದಲ್ಲ, ಆ ಪ್ರಯೋಗ ಯಾವ ದಾರಿಗೆ ಬಾಗಿಲು ತೆರೆಯುತ್ತದೆ ಎಂಬುದನ್ನೂ ತೂಗಬೇಕು. 1991ರಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಜ್ವಾಲಾಮುಖಿ ಸಿಡಿದು ಗಂಧಕದ ಅನಿಲ ಮೇಲೇರಿದಾಗ ಭೂಮಿ ಸುಮಾರು ಅರ್ಧ ಡಿಗ್ರಿ ತಂಪಾಯಿತು. ಅದರ ಬೆನ್ನಿಗೇ ಭೂಪ್ರದೇಶಗಳ ಮೇಲಿನ ಮಳೆಯೂ ಗಣನೀಯವಾಗಿ ಕುಗ್ಗಿತು. ಅಡಿಕೆ, ಭತ್ತ, ಕುಡಿಯುವ ನೀರು ಎಲ್ಲಕ್ಕೂ ಮುಂಗಾರನ್ನೇ ನಂಬಿದ ನಮಗೆ ಇದು ಜೀವನ್ಮರಣದ ಪ್ರಶ್ನೆ. ಸಣ್ಣ ಪ್ರಯೋಗದಿಂದ ಮುಂಗಾರಿನ ಗತಿ ತಿಳಿಯದು. ಅದು ತಿಳಿಯುವಷ್ಟು ದೊಡ್ಡದಾಗಿ ಮಾಡಿದರೆ ಅದು ಪ್ರಯೋಗವಾಗಿ ಉಳಿಯದು, ಎಲ್ಲರ ಬದುಕೇ ಪ್ರಯೋಗಾಲಯವಾಗುತ್ತದೆ.

ನಾವು ವಿಜ್ಞಾನದ ವಿರೋಧಿಗಳಲ್ಲ. ಏರುತ್ತಿರುವ ಸೆಕೆಯಿಂದ ಮೊದಲು ಸಾಯುವವನು ಬಡವನೇ ಎಂಬುದನ್ನು ನಾವು ಬಲ್ಲೆವು. ಗಣಕಯಂತ್ರದಲ್ಲಿ ಲೆಕ್ಕ ಹಾಕಿ ನೋಡುವ ಅಧ್ಯಯನಗಳು ನಡೆಯಲಿ, ನಮ್ಮ ದೇಶದ ವಿಜ್ಞಾನಿಗಳೂ ಅದರಲ್ಲಿ ಪಾಲ್ಗೊಳ್ಳಲಿ. ಆದರೆ ಬಯಲಿಗೆ ಬರುವ ಮುನ್ನ ನಾಲ್ಕು ಷರತ್ತುಗಳು ಈಡೇರಬೇಕು. ಮೊದಲನೆಯದಾಗಿ, ನೀರು, ಗಾಳಿ, ಮಳೆ ಮತ್ತು ಜನಾರೋಗ್ಯದ ಸ್ಥಿತಿ ಮುಂಚಿತವಾಗಿಯೇ ದಾಖಲಾಗಬೇಕು. ಎರಡನೆಯದಾಗಿ, ಮೌಲ್ಯಮಾಪನ ಮಾಡುವವರು ಪ್ರಯೋಗ ಮಾಡುವವರ ಕೈಕೆಳಗಿನವರಾಗಿರಬಾರದು. ಮೂರನೆಯದಾಗಿ, ಕೆಳಗೆ ಬಾಳುವ ಜನರಿಗೆ ಅವರ ಭಾಷೆಯಲ್ಲಿ ತಿಳಿಸಿ ಒಪ್ಪಿಗೆ ಪಡೆಯಬೇಕು, ಬೇಡವೆನ್ನುವ ಅಧಿಕಾರವೂ ಅವರಿಗಿರಬೇಕು. ನಾಲ್ಕನೆಯದಾಗಿ, ಹಾನಿಯಾದರೆ ಹೊಣೆ ಯಾರದೆಂಬುದು ಮೊದಲೇ ಬರವಣಿಗೆಯಲ್ಲಿರಬೇಕು.

ಹೆಲಿಕಾಪ್ಟರ್ ಬಂದಾಗ ಕೇಳಬೇಕಾಗಿದ್ದ ಪ್ರಶ್ನೆಗಳಿವು. ಅಂದು ಅವುಗಳನ್ನು ಕೇಳಲು ನಮಗೆ ಅವಕಾಶವಿರಲಿಲ್ಲ. ಇಂದು ಅವಕಾಶವಿದೆ. ಅದನ್ನು ಬಳಸಿಕೊಳ್ಳುವುದು ಕೊಕ್ಕಡ, ಕೊಯಿಲದ ಆ ಮಕ್ಕಳಿಗೆ ನಾವು ಸಲ್ಲಿಸಬೇಕಾದ ಋಣ.