ಫೋಟೊದ ಹಿಂಬದಿ



ಲಂಡನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಂನಲ್ಲಿ ಒಂದು ಹಳೆಯ ಬಾಂಬರ್ ವಿಮಾನವಿದೆ. ಹೆಸರು ಡಿ.ಎಚ್.9ಎ. ಕಟ್ಟಿಗೆಯ ಚೌಕಟ್ಟಿಗೆ ಬಟ್ಟೆ ಬಿಗಿದು ಮಾಡಿದ, ಜೋಡಿ ರೆಕ್ಕೆಯ ವಿಮಾನ. ಇದು ಹೈದರಾಬಾದ್ ನಿಜಾಮರ ಕೊಡುಗೆ ಎಂದು ಅದರ ಮೈಮೇಲೆ ಬರೆದಿದೆ. ಮೊದಲ ಮಹಾಯುದ್ಧದ ಕೊನೆಯ ವರ್ಷ, 1918ರಲ್ಲಿ, ಬ್ರಿಟಿಷರ 110ನೇ ಸ್ಕ್ವಾಡ್ರನ್ನಿನ ವಿಮಾನಗಳಿಗೆ ಹಣ ಕೊಟ್ಟವರು ನಿಜಾಮರು. ಆ ದಳಕ್ಕೆ ಹೈದರಾಬಾದ್ ಸ್ಕ್ವಾಡ್ರನ್ ಎಂದೇ ಹೆಸರು ನಿಂತಿತು. ಈ ವಿಮಾನ ಅದೇ ವರ್ಷ ಅಕ್ಟೋಬರ್ 5ರಂದು ಜರ್ಮನ್ನರ ಕೈಸೇರಿತು. ಬರ್ಲಿನ್ನಿನಲ್ಲಿ ಪ್ರದರ್ಶನಕ್ಕಿತ್ತು, ಎರಡನೇ ಮಹಾಯುದ್ಧದ ಗದ್ದಲದಲ್ಲಿ ಪೋಲೆಂಡಿನ ಪಾಲಾಯಿತು, 1977ರಲ್ಲಿ ಬ್ರಿಟನ್ನಿಗೆ ಮರಳಿತು.

1918ರಲ್ಲಿ ನಮ್ಮ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳೆಲ್ಲವೂ ನಿಜಾಮರ ಸೀಮೆಯಲ್ಲೇ ಇದ್ದವು. ಭೀಮೆಯ ದಂಡೆಯಲ್ಲಿ ಜೋಳ ಬೆಳೆದು ಕಂದಾಯ ಕಟ್ಟಿದ ನಮ್ಮ ಹಿರಿಯರು ಅಂಥದೊಂದು ವಿಮಾನವಿದೆ ಎಂದು ಕೇಳಿರಲಿಕ್ಕೂ ಇಲ್ಲ. ಆದರೂ ಆ ವಿಮಾನದ ಕತೆಯಲ್ಲಿ ನಮ್ಮ ನಾಡಿನ ಪಾಲೂ ಇದೆ ಎಂದೇ ನಾನು ನಂಬಿದ್ದೇನೆ.

ಇಂಥ ಹಳೆಯ ಯುದ್ಧವಿಮಾನಗಳ ಜಾಡು ಹಿಡಿಯುವುದು, ಹಳೆಯ ಫೋಟೊಗಳನ್ನು ಸ್ಕ್ಯಾನ್ ಮಾಡಿ ಉಳಿಸುವುದು ಕೆಲವರಿಗೆ ಹವ್ಯಾಸ. ಇವರು ಫೋಟೊ ನೋಡುವ ರೀತಿಯೇ ಬೇರೆ. ವಿಮಾನದ ಮೈಮೇಲಿನ ಸಂಖ್ಯೆ ಹುಡುಕುತ್ತಾರೆ. ಒಂದೊಂದು ವಿಮಾನಕ್ಕೂ ಅದರದೇ ಸಂಖ್ಯೆ ಇರುತ್ತದೆ. ವಾಯುಪಡೆಯ ಗುರುತು ನೋಡುತ್ತಾರೆ. ರೆಕ್ಕೆಯ ಮೇಲೆ ಅಶೋಕ ಚಕ್ರವಿದ್ದರೆ ಅದು ನಮ್ಮ ದೇಶ ಗಣರಾಜ್ಯವಾಗುವ ಮುಂಚಿನ ಒಂದೆರಡು ವರ್ಷಗಳ ಚಿತ್ರ. ಕೇಸರಿ, ಬಿಳಿ, ಹಸಿರಿನ ವೃತ್ತವಿದ್ದರೆ 1950ರಿಂದ ಈಚಿನದು. ಯಾರೂ ತಾರೀಖು ಬರೆಯದ ಚಿತ್ರಕ್ಕೆ ಹೀಗೆ ಕಾಲ ಸಿಗುತ್ತದೆ.

ಆ ಚಕ್ರದ ಗುರುತಿನ ಕಾಲದಲ್ಲೇ ನಮ್ಮ ಭಾಗದ ಆಕಾಶಕ್ಕೂ ಯುದ್ಧವಿಮಾನಗಳು ಬಂದಿದ್ದವು. 1948ರ ಸೆಪ್ಟೆಂಬರ್ 13ರಂದು ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಲು ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರ ನೇತೃತ್ವದ ಭಾರತದ ಸೇನೆ ಸೊಲ್ಲಾಪುರದ ಕಡೆಯಿಂದ ಹೊರಟು, ನಳದುರ್ಗ ದಾಟಿ ಉಮರ್ಗಾದಲ್ಲಿ ತಂಗಿತು. ಆಳಂದದಿಂದ ಬಡಗಲಿಗೆ ಉಮರ್ಗಾ ದೂರವೇನಲ್ಲ. ಮುಂದೆ ರಾಜೇಶ್ವರದ ದಾರಿಯಲ್ಲಿ ನಿಜಾಮರ ಕಡೆಯವರು ಹೊಂಚು ಹಾಕಿ ಕೂತಿದ್ದು ಮೇಲಿನಿಂದ ಕಂಡಿತು. ಆಗ ಟೆಂಪೆಸ್ಟ್ ವಿಮಾನಗಳನ್ನು ಕರೆಸಿ ದಾರಿ ತೆರವು ಮಾಡಿದರು. ಒಂದೇ ಎಂಜಿನ್, ಒಬ್ಬನೇ ಪೈಲಟ್, ರೆಕ್ಕೆಗಳಲ್ಲಿ ನಾಲ್ಕು ಫಿರಂಗಿ. ಸೆಪ್ಟೆಂಬರ್ 17ಕ್ಕೆ ನಿಜಾಮರು ಶರಣಾದರು. ನಿಜಾಮರ ಪರವಾಗಿದ್ದ ರಜಾಕಾರರ ಖಾಸಗಿ ಪಡೆಯ ಹಾವಳಿಯ ಆ ದಿನಗಳನ್ನು ಹುಡುಗರಾಗಿ ಕಂಡವರಿಗೆ ಈಗ ಎಂಬತ್ತೈದು ದಾಟಿದೆ. ನಿಮ್ಮ ಮನೆಯಲ್ಲಿ ಅಂಥ ಮುತ್ಯಾ ಇದ್ದರೆ, ವಿಮಾನದ ಸಪ್ಪಳ ಕೇಳಿದ್ದಿರೇನು ಎಂದು ಇವತ್ತೇ ವಿಚಾರಿಸಿ. ಮಾತಾಡಲು ಬಿಡಿ, ಮೊಬೈಲಿನಲ್ಲಿ ಧ್ವನಿ ಹಿಡಿದಿಡಿ.

ಇಷ್ಟೆಲ್ಲ ಕೆದಕಿ ಯಾರಿಗೇನು ಲಾಭ ಎಂದು ಕೇಳುವವರಿದ್ದಾರೆ. ಅವರಿಗೆ ನಾನು ಕೊಡಗಿನ ಅಜ್ಜಮಾಡ ದೇವಯ್ಯನವರ ಹೆಸರು ಹೇಳುತ್ತೇನೆ. 1965ರ ಭಾರತ–ಪಾಕಿಸ್ತಾನ ಯುದ್ಧದಲ್ಲಿ, ಸೆಪ್ಟೆಂಬರ್ 7ರಂದು, ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದ ಸ್ಕ್ವಾಡ್ರನ್ ಲೀಡರ್ ದೇವಯ್ಯ ಮರಳಿ ಬರಲಿಲ್ಲ. ಆಕಾಶದಲ್ಲಿ ಏನು ನಡೆಯಿತೆಂದು ನಮ್ಮವರಿಗೆ ತಿಳಿಯಲೇ ಇಲ್ಲ. 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ, ಪಾಕಿಸ್ತಾನದ ವಾಯುಪಡೆಯ ಕತೆ ಬರೆಯುತ್ತ, ಅವರ ಕಡೆಯ ಒಂದು ಸಂಗತಿ ದಾಖಲಿಸಿದರು. ಶಬ್ದದ ಎರಡು ಪಟ್ಟು ವೇಗದ, ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವನ್ನು ಭಾರತದ ಒಂದು ಮಿಸ್ಟೇರ್ ಕೆಡವಿತ್ತು. ವೇಗದಲ್ಲಿ ಮಿಸ್ಟೇರ್ ಅದರ ಸಮಕ್ಕೆ ನಿಲ್ಲುವ ವಿಮಾನವೇ ಅಲ್ಲ. ದಾಖಲೆಗೆ ದಾಖಲೆ ಹೊಂದಿಸಿ ನೋಡಿದಾಗ ಆ ಪೈಲಟ್ ದೇವಯ್ಯನವರೇ ಎಂದು ಗೊತ್ತಾಯಿತು. ಅಂದಿನ ದಾಳಿಯ ನಾಯಕರಾಗಿದ್ದ ಒ.ಪಿ. ತನೇಜಾ ಸರ್ಕಾರಕ್ಕೆ ಬರೆದರು. 1988ರಲ್ಲಿ, ಇಪ್ಪತ್ತಮೂರು ವರ್ಷಗಳ ಮೇಲೆ, ದೇವಯ್ಯನವರಿಗೆ ಮಹಾವೀರ ಚಕ್ರ ಬಂತು. ಹಳೆಯ ಕಾಗದ ಕೆದಕುವವರ ಮೇಲೆ ನನಗೆ ಗೌರವ ಹುಟ್ಟಿದ್ದು ಈ ಸಂಗತಿಯಿಂದ.

ನಮ್ಮ ಮೂರು ತಾಲ್ಲೂಕುಗಳ ಮನೆಗಳಲ್ಲೂ ಟ್ರಂಕಿನ ತಳದಲ್ಲಿ, ಜಗಲಿಯ ಗೋಡೆಯಲ್ಲಿ ಸಮವಸ್ತ್ರ ತೊಟ್ಟ ಯಾರದೋ ಫೋಟೊ ಇರಬಹುದು. ಅದನ್ನು ಬಿಸಿಲಿಗೆ ಹಿಡಿಯಬೇಡಿ, ಒದ್ದೆ ಬಟ್ಟೆಯಿಂದ ಒರೆಸಬೇಡಿ. ಮೆತ್ತನೆಯ ಬ್ರಷ್ಷಿನಿಂದ ಧೂಳು ಕೊಡವಿದರೆ ಸಾಕು. ಗಾಜಿಗೆ ಅಂಟಿಕೊಂಡಿದ್ದರೆ ಕೀಳಲು ಹೋಗದೆ ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. 600 ಡಿಪಿಐ ಇರಲಿ ಎಂದು ಅಂಗಡಿಯವರಿಗೆ ಹೇಳಿ, ಆಗ ದೊಡ್ಡದು ಮಾಡಿದರೂ ಎದೆಯ ಮೇಲಿನ ಪದಕ, ತೋಳಿನ ಪಟ್ಟಿ ಚೆನ್ನಾಗಿ ಕಾಣುತ್ತವೆ. ಪ್ರತಿಯನ್ನು ಎರಡು ಕಡೆ ಇಡಿ, ಮೂಲ ಫೋಟೊ ಎಸೆಯಬೇಡಿ.

ಹಿಂಬದಿಯನ್ನೂ ತಪ್ಪದೆ ಸ್ಕ್ಯಾನ್ ಮಾಡಿಸಿ. ಸ್ಟುಡಿಯೊದ ಮೊಹರು, ಊರು, ತಾರೀಖು ಸಿಗುವುದು ಅಲ್ಲೇ. ನಿಜಾಮರ ಕಾಲದಲ್ಲಿ ಕಚೇರಿಯ ಬರಹ ಉರ್ದುವಿನಲ್ಲಿತ್ತು, ಶಾಲೆ ಕಲಿತವರು ಉರ್ದು ಬರೆಯುತ್ತಿದ್ದರು. ನಿಮ್ಮ ಫೋಟೊದ ಹಿಂದೆಯೂ ಉರ್ದು ಸಾಲಿದ್ದರೆ ಗೀಚು ಎಂದು ಬಿಡಬೇಡಿ. ಓದಬಲ್ಲ ಹಿರಿಯರು ಓಣಿಯಲ್ಲೇ ಇರುತ್ತಾರೆ. ಅವರ ಮುಂದೆ ಕೂತು ಓದಿಸಿ, ಅವರು ಹೇಳಿದ್ದನ್ನು ಬೇರೆ ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಫೋಟೊದ ಜೊತೆಗಿಡಿ.