ಏಕಾಂತದ ಹತ್ತು ನಿಮಿಷ

ಹಿರೇಕೆರೂರು ತಾಲೂಕಿನ ಅಬಲೂರು ಅಂದಕೂಡಲೇ ಎಲ್ಲರಿಗೂ ಸರ್ವಜ್ಞ ನೆನಪಾಗುತ್ತಾನೆ. ನನಗೆ ಇವತ್ತು ನೆನಪಾದವನು ಏಕಾಂತದ ರಾಮಯ್ಯ, 12ನೇ ಶತಮಾನದ ಶಿವಶರಣ. ತಲೆ ಕೊಯ್ದು ಶಿವನಿಗೊಪ್ಪಿಸಿ ಮರಳಿ ಪಡೆದ ಅವನ ಪವಾಡವನ್ನು ಅಲ್ಲಿನ ಸೋಮೇಶ್ವರ ಗುಡಿಯ ಶಾಸನ ಹೇಳುತ್ತದೆ. ಜನ ಬೆರಗಾಗಿ ಕೇಳುವುದೂ ಅದನ್ನೇ. ನನ್ನ ಮನಸ್ಸು ಮಾತ್ರ ಹೆಸರಿನ ಹತ್ತಿರವೇ ನಿಂತುಬಿಡುತ್ತದೆ. ಒಬ್ಬನೇ ಕೂತು ಪೂಜಿಸುತ್ತಿದ್ದನಂತೆ, ಅದಕ್ಕೇ ‘ಏಕಾಂತದ’.

ನಾನೇನು ಶರಣನಲ್ಲ ಬಿಡಿ. ಬೆಳಿಗ್ಗೆ ಮೊಬೈಲು ಒಳಗಿಟ್ಟು, ಚಹಾ ಹಿಡಿದು ಹಿತ್ತಲ ಕಟ್ಟೆಯ ಮೇಲೆ ಹತ್ತು ನಿಮಿಷ ಕೂರುತ್ತೇನೆ. ಮೊದಲೈದು ನಿಮಿಷ ಕರೆಂಟ್ ಬಿಲ್ಲು, ನಿನ್ನೆಯ ಜಗಳ. ಆಮೇಲೆ ಯಾವಾಗಲೋ ಲೋಟದ ಬಿಸಿ ಬೆರಳಿಗೆ ಗೊತ್ತಾಗುತ್ತದೆ. ಅಷ್ಟರಲ್ಲಿ ಚಹಾ ಅರ್ಧ ಆರಿರುತ್ತದೆ. ಅದನ್ನೇ ನಿಧಾನಕ್ಕೆ ಕುಡಿಯುತ್ತೇನೆ.